ಕೆರೆಯ ಹೆಣ್ಣಿನ ಹೆಸರು

ಸಂಜೆಯ ಹಾಡು-ಕಥೆ ಕಾರ್ಯಕ್ರಮಕ್ಕಾಗಿ ಎಲೆರಿ ವೇಲ್ಸ್‌ನ ತನ್ನ ಹಳ್ಳಿಯ ಹಾಲ್‌ನಲ್ಲಿ ಕುರ್ಚಿ ಜೋಡಿಸುತ್ತಿದ್ದಾಗ ಅವಳ ಗಂಡ ಗ್ವಿಲಿಮ್ ವೇದಿಕೆ ಹತ್ತಿ, ಗ್ಯಾಂಬಿಯಾದ ಹಾಡುಗಾರ ಎಬ್ರಿಮಾನ ತಂತಿವಾದ್ಯವನ್ನು ಬೂಟುಗಾಲಿನಲ್ಲಿ ಒದ್ದ. ಅದರ ಸೋರೆಬುರುಡೆ ಸೀಳಿಹೋಯಿತು.

"ನಮ್ಮಜ್ಜಂದಿರು ಪ್ರಾರ್ಥನೆ ಹಾಡಿದ ಜಾಗ ಇದು. ಕಂಡೋರನ್ನೆಲ್ಲ ಕರೆಸ್ತೀಯೇನೇ?" ಅವಳ ತೋಳು ತಿರುಚಿದ. "ತಾನಾಗೇ ಬಿತ್ತು ಅಂತ ಹೇಳು."

ಚಹಾ ಮುಗಿಸಿ ಬಂದ ಎಬ್ರಿಮಾ ಬುರುಡೆಯನ್ನು ಎದೆಗೊತ್ತಿಕೊಂಡ. "ಏನಾಯ್ತಕ್ಕಾ?"

"ಬಿತ್ತು." ತನ್ನ ಪಕ್ಕೆಲುಬು ಮುರಿದಾಗ ಡಾಕ್ಟರಿಗೂ ಅವಳು ಹೀಗೇ, ಬಿದ್ದೆ ಅಂತ ಹೇಳಿದ್ದಳು.

"ಬರೀ ಗಂಟಲಲ್ಲೇ ಹಾಡ್ತೀನಿ ಬಿಡಿ. ಮೊದಲ ಕಥೆ ನಿಮ್ದೇ ಅಲ್ವಾ?"

ಎಲೆರಿ ಹೌದೆಂದು ತಲೆಯಾಡಿಸಿದಳು. ಗಂಡನ ಮೂರನೆಯ ಏಟಿಗೆ ಮನೆ ಬಿಟ್ಟು ಕೆರೆಗೆ ಮರಳುವ ಹೆಣ್ಣಿನ ಕಥೆ ವೇಲ್ಸ್‌ನಲ್ಲಿ ಎಲ್ಲರಿಗೂ ಬಾಯಿಪಾಠ. ಇವತ್ತು ಆ ಕಥೆಯ ಗಂಡ-ಹೆಂಡತಿಗೆ ಗ್ವಿಲಿಮ್‌ನ ಮತ್ತು ತನ್ನ ಹೆಸರನ್ನೇ ಇಡುವುದೆಂದು ಅವಳು ನಿರ್ಧರಿಸಿದಳು.