ತಿದ್ದಿದ ಫ್ಲಾಪಿ

"ನೀವ್ಯಾಕೆ ಅಳ್ತೀರಾ ಸಾರ್? ಬಿಟ್ಟಿ ಕೊಟ್ಟೋರ್ದು ಏನು ತಪ್ಪು?" ಎಂದು ಭದ್ರಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಗೋಪಾಲಪ್ಪನನ್ನೇ ಸಮಾಧಾನ ಮಾಡಿದಳು. ಮಂಚದ ಮೇಲೆ ಅವಳ ಗಂಡ ಆವಲಪ್ಪ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ. ಹಿಂದಿನ ದಿನ ಪೀಣ್ಯದ ಕೈಗಾರಿಕಾ ಶೆಡ್ಡಿನಲ್ಲಿ ಅವನು ಗಾಳಿ ತುಂಬಿ ಪರೀಕ್ಷಿಸುತ್ತಿದ್ದ ಕಂಪ್ರೆಸರ್ ಟ್ಯಾಂಕು ಸಿಡಿದು ಎರಡು ಕಣ್ಣೂ ಹೋಗಿದ್ದವು.

ಟ್ಯಾಂಕಿನ ತಗಡು ಎಷ್ಟು ದಪ್ಪ ಇರಬೇಕೆಂದು ಲೆಕ್ಕ ಹಾಕುವ ಪ್ರೋಗ್ರಾಮನ್ನು ಬರೆದವನು ಎಂಜಿನಿಯರ್ ಗೋಪಾಲಪ್ಪ. ಪೀಣ್ಯಕ್ಕೆ ಆಗಷ್ಟೇ ಕಂಪ್ಯೂಟರ್ ಬರುತ್ತಿದ್ದ ಕಾಲ. ಕೇಳಿದ ಶೆಡ್ಡಿನವರಿಗೆಲ್ಲ ಬಿಟ್ಟಿಯಾಗಿ ಫ್ಲಾಪಿಗೆ ಹಾಕಿ ಕೊಟ್ಟಿದ್ದ; ಆವಲಪ್ಪನ ಶೆಡ್ಡಿನವರು ಸಿಡಿದ ಟ್ಯಾಂಕನ್ನು ಮಾಡಿದ್ದೂ ಅದರ ಲೆಕ್ಕದಂತೆಯೇ. ದೀಪಾವಳಿಯ ಹೊತ್ತಿಗೆ ಗೋಪಾಲಪ್ಪನಿಗೆ ಅದರಲ್ಲೊಂದು ತಪ್ಪು ಕಂಡಿತು. ದೊಡ್ಡ ಟ್ಯಾಂಕುಗಳಿಗೆ ಅದು ತೆಳು ತಗಡು ಸಾಕೆನ್ನುತ್ತಿತ್ತು. ತನ್ನ ಫ್ಲಾಪಿಯಲ್ಲಿ ತಿದ್ದಿಕೊಂಡ. ಉಳಿದವರ ಮುಂದೆ ಹೋಗಿ ಒಪ್ಪಿಕೊಳ್ಳಲು ನಾಚಿಕೆಯಾಗಿ, ಆಮೇಲೆ ಹೇಳಿದರಾಯಿತು ಎಂದು ಸುಮ್ಮನಾದ.

"ನಂಗೆ ಗೊತ್ತಿತ್ತಮ್ಮ. ಮೂರು ತಿಂಗಳಿಂದ ಗೊತ್ತಿತ್ತು. ನಂದು ಸರಿ ಮಾಡ್ಕೊಂಡೆ, ಇವರಿಗೆ ಹೇಳ್ಲಿಲ್ಲ," ಎಂದ ಗೋಪಾಲಪ್ಪ.

ನಿದ್ದೆ ಮಾಡುತ್ತಿದ್ದಾನೆಂದುಕೊಂಡಿದ್ದ ಆವಲಪ್ಪ ಮುಖ ಇತ್ತ ತಿರುಗಿಸಿದ.

"ಇನ್ನೂ ಯಾರ್ಯಾರ ತಾವ ಐತೆ ಸಾರ್ ಅದು? ಇಲ್ಲಿ ಅಳ್ತಾ ಕೂತ್ಕಾಬ್ಯಾಡಿ. ಓಗಿ ಅವರಿಗೆಲ್ಲ ತಿಳಿಸಿ."

ಗೋಪಾಲಪ್ಪ ಎದ್ದ. ತಾನು ಕೊಟ್ಟ ಹನ್ನೊಂದು ಶೆಡ್ಡುಗಳ ಹೆಸರು ಅವನಿಗೆ ನೆನಪಿತ್ತು. ಅವರಿಂದ ಮತ್ತೆ ಯಾರ್ಯಾರು ನಕಲು ಮಾಡಿಕೊಂಡು ಹೋದರೋ, ಅದು ಗೊತ್ತಿರಲಿಲ್ಲ.