ತುಂಗಾಳ ಎಡಗೈ

ಮಕ್ಕಳ ಮೈ ತನ್ನ ಚರ್ಮವನ್ನೇ ಪರರದೆಂದು ತಿಳಿದು ಸುಡತೊಡಗಿದ ಮೇಲೆ, ಹುಬ್ಬಳ್ಳಿಯ ತಾಯಂದಿರು ಬೆಳಗ್ಗೆ ಹಾಲು ಕಾಯಿಸುವ ಮೊದಲೇ ಮಗುವಿನ ಮೈಗೆ ಅದರ ಗುರುತು ಹೇಳುತ್ತಿದ್ದರು. ನೀಲವ್ವನೂ ಅಷ್ಟೇ. ಹಾಸಿಗೆ ಅಂಟದಿರಲೆಂದು ಬಾಳೆ ಎಲೆಯ ಮೇಲೆ ಮಲಗಿಸಿದ ಮಗಳ ಪಕ್ಕ ಕೂತು, "ಇದು ತುಂಗಾನ ಮೂಗು, ಇದು ತುಂಗಾನ ಮೊಣಕಾಲು" ಎಂದು ಒಂದೊಂದನ್ನೂ ಹೇಳುವಳು. ಹೇಳಲು ಮರೆತ ಜಾಗದಲ್ಲಿ ಮಧ್ಯಾಹ್ನದೊಳಗೆ ನೀರುಗುಳ್ಳೆ ಏಳುತ್ತಿತ್ತು. ಎಡಗೈ ಮಾತ್ರ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಅಲ್ಲಿ ಗುಳ್ಳೆ ಒಡೆಯದ ದಿನವಿಲ್ಲ.

ನಾಲ್ಕು ವರ್ಷ ತುಂಬಿದ ಮೇಲೆ ಮೈ ತಾಯಿಯ ದನಿಗೆ ಕಿವಿಗೊಡುವುದಿಲ್ಲ, ಮಗುವೇ ಹೇಳಿಕೊಳ್ಳಬೇಕು. ಇವತ್ತು ತುಂಗಾಗೆ ನಾಲ್ಕು ತುಂಬಿತ್ತು.

"ಇದು ಯಾರ ಮೂಗು?"

"ನಂದು."

"ಈ ಕಿವಿ?"

"ಅದೂ ನಂದು!" ತುಂಗಾ ಕಿಲಕಿಲ ನಕ್ಕಳು. ಹೊಟ್ಟೆ, ಬೆನ್ನು, ಹತ್ತೂ ಕಾಲ್ಬೆರಳು ಆದವು. ನೀಲವ್ವ ಎಡಗೈ ತೋರಿಸಿದಳು.

"ಈ ಕೈ?"

ನಗು ನಿಂತಿತು. "ಅದು ನಂದಲ್ಲ."

"ಹಂಗ ಅನಬಾರದವ್ವ. ನಂದು ಅನ್ನು. ಒಂದ ಸಲ ಅನ್ನು, ನನ್ನ ಬಂಗಾರ."

"ಅಲ್ಲ. ಅದು ಉರೀತದ."

ನೀಲವ್ವ ಬೇಡಿಕೊಂಡಳು, ಗದರಿದಳು, ಕೊನೆಗೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ತಾಯಿ ಅಳುವುದನ್ನು ಕಂಡು ತುಂಗಾಗೆ ಕನಿಕರವಾಯಿತು. ಆ ಕೈಯನ್ನು ಬಲಗೈಯಿಂದ ಮೆಲ್ಲಗೆ ಎತ್ತಿ ಅವಳ ತೊಡೆಯ ಮೇಲೆ ಇಟ್ಟಳು.

"ಅಳಬ್ಯಾಡವ್ವ. ನಿನಗ ಬೇಕಿದ್ರ ನೀನ ಇಟ್ಕೋ."