ಘಾಟು ವಾಸನೆ

ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇಪ್ಪತ್ತು ಮಂದಿಗೂ ಒಂದೇ ಡಬ್ಬಿಯ ಬಿಳಿ ಪುಡಿ ಕೊಟ್ಟು, ಅದೇನೆಂದು ಕಂಡುಹಿಡಿಯಲು ಹೇಳಿದ್ದರು. ಕಾಯಿಸಿದಾಗ ಘಾಟು ವಾಸನೆ ಬಂತು, ಆದ್ದರಿಂದ ಇದು ಅಮೋನಿಯಂ ಕ್ಲೋರೈಡ್ ಎಂದು ಹತ್ತೊಂಬತ್ತು ಮಂದಿ ಬರೆದಿದ್ದರು. ಒಬ್ಬಳು ಮಾತ್ರ ಬೇರಿಯಂ ಕ್ಲೋರೈಡ್ ಎಂದಿದ್ದಳು.

“ಏನಮ್ಮಾ, ಎಲ್ಲರಿಗೂ ಗೊತ್ತಾಗಿದ್ದು ನಿನಗೊಬ್ಬಳಿಗೇ ಗೊತ್ತಾಗಲಿಲ್ವಾ? ಪರೀಕ್ಷಿಸಿ ನೋಡಿದೆಯೋ, ಸುಮ್ಮನೆ ಗೀಚಿದೆಯೋ?” ಎಂದರು ಪರೀಕ್ಷಕರು.

“ನೋಡಿದೆ ಸರ್. ಬೇರಿಯಂ ಇದ್ರೆ ಆಗೋ ಹಾಗೆ ಜ್ವಾಲೆ ಹಸಿರಾಯ್ತು. ವಾಸನೆ ಬರಲೇ ಇಲ್ಲ.”

“ನನ್ನ ಉತ್ತರಗಳ ಪಟ್ಟಿಯಲ್ಲೂ ಅಮೋನಿಯಂ ಅಂತಲೇ ಇದೆ. ಫೇಲಾಗ್ತೀಯ ನೋಡು.”

“ನೀವೇ ಒಂದ್ಸಲ ಮಾಡಿ ನೋಡಿ ಸರ್.”

ಅವರು ಅನುಮಾನದಿಂದಲೇ ಪುಡಿ ಅದ್ದಿದ ತಂತಿಯನ್ನು ಬರ್ನರಿಗೆ ಹಿಡಿದರು. ಜ್ವಾಲೆ ಹಸಿರಾಯಿತು. ಡಬ್ಬಿಯೇ ಅದಲುಬದಲಾಗಿತ್ತು.

ಪರೀಕ್ಷಕರು ಜೇಬಿನಲ್ಲಿದ್ದ ಪಟ್ಟಿಯನ್ನೊಮ್ಮೆ ಮುಟ್ಟಿ ನೋಡಿಕೊಂಡು ಉಳಿದವರತ್ತ ತಿರುಗಿದರು. “ಈಗ ಹೇಳಿ, ಇಲ್ಲದ ವಾಸನೆ ನಿಮಗೆಲ್ಲ ಎಲ್ಲಿಂದ ಬಡೀತು?”